ಮೆಟ್ಟಿಲ ಕೆಳಗಿನ ಜಾವಾ

ಹೆಂಡತಿ ರುದ್ರವ್ವ ಸತ್ತ ದಿನ ಗದಿಗೆಪ್ಪ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಅಳಲಿಲ್ಲ. ಶಿವಗಣಾರಾಧನೆಗೆಂದು ಧಾರವಾಡದಿಂದ ಬಂದ ನೆಂಟರು ಅವನ ಮುಖವನ್ನು ಓರೆಗಣ್ಣಿನಲ್ಲಿ ನೋಡಿ ನೋಡಿ ದಣಿದರು. ದಹಿಸರ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವನ ದೊಡ್ಡಪ್ಪನ ಮಗ ಅಣವೀರಪ್ಪ, ಗಿರಾಕಿಗಳನ್ನು ಕರೆದು ಕರೆದು ದೊಡ್ಡದಾದ ದನಿಯಲ್ಲಿ, “ಅತ್ತಬಿಡೋ ತಮ್ಮಾ, ಒಳಗ ಇಟ್ಕೊಂಡು ಕುಂಡ್ರಬ್ಯಾಡ” ಎಂದು ನಾಲ್ಕು ಜನರ ಎದುರಿಗೇ ಹೇಳಿದ. ಗದಿಗೆಪ್ಪ “ಹೂಂ” ಅಂದ. ನೆಂಟರನ್ನು ದಾದರ್‌ನಲ್ಲಿ ರೈಲು ಹತ್ತಿಸಿ, ಮರುದಿನ ಏಳು ಗಂಟೆಯ ಪಾಳಿಗೆ ಹೋದ.

ಐವತ್ನಾಲ್ಕು ವರ್ಷದ ಅವನು ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲೇ ಹತ್ತು ನಿಮಿಷದ ದಾರಿಯಲ್ಲಿ ಒಂದು ಚಾಳು, ಅದರ ಮೊದಲ ಮಹಡಿಯಲ್ಲಿ ಒಂದು ಖೋಲಿ. ಇಪ್ಪತ್ತು ವರ್ಷ ಇಬ್ಬರಿದ್ದರು, ಈಗ ಒಬ್ಬ. ಅವನಿಗೆ ದುಃಖವಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ದವಡೆ ಇರುತ್ತದಲ್ಲ, ಹಾಗಿದ್ದ. ಬೆಳಿಗ್ಗೆ ಐದಕ್ಕೆ ನಳದಲ್ಲಿ ನೀರು ಬಂದರೆ ಎದ್ದು ಎರಡು ಹಂಡೆ ತುಂಬುತ್ತಿದ್ದ. ಒಂದು ಮಾತ್ರ ಖರ್ಚಾಗುತ್ತಿತ್ತು. ಇನ್ನೊಂದನ್ನು ಮರುದಿನ ಮೋರಿಗೆ ಚೆಲ್ಲಿ ಮತ್ತೆ ಎರಡೂ ತುಂಬುತ್ತಿದ್ದ.

ಜನವರಿ ಹೋಯಿತು, ಮತ್ತೆ ಎರಡು ತಿಂಗಳು ಹೋದವು. ಏಪ್ರಿಲ್‌ನಲ್ಲಿ ಚಾಳಿನ ಮಾಲೀಕ ಮೆಟ್ಟಿಲು ರಿಪೇರಿ ಮಾಡಿಸುತ್ತೇನೆಂದು ನೋಟೀಸು ಅಂಟಿಸಿದ. ತಿಂಗಳ ಕೊನೆಯೊಳಗೆ ಮೆಟ್ಟಿಲ ಕೆಳಗಿನ ಸಾಮಾನೆಲ್ಲ ಖಾಲಿಯಾಗಬೇಕು. ಕೆಳಗಿನ ಖೋಲಿಯ ರುಕ್ಮಿಣಿಬಾಯಿ ಹಪ್ಪಳ ಒಣಗಿಸುವ ತನ್ನ ಮಂಚ ಎತ್ತಿಕೊಂಡಳು. ಗಣಪತಿ ಮಂಡಳಿಯವರು ಬಿದಿರು ಒಯ್ದರು. ಉಳಿದದ್ದು ತಾಡಪತ್ರಿ ಹೊದ್ದ ಒಂದು ದಿಬ್ಬ. “ಗದಿಗೆಪ್ಪಾ, ತುಮ್ಚಿ ಗಾಡಿ,” ಎಂದಳು ರುಕ್ಮಿಣಿಬಾಯಿ. ಅವಳ ದನಿಯಲ್ಲಿ ಸ್ವಲ್ಪ ಅನುಮಾನವಿತ್ತು, ಆ ಗಾಡಿಯ ಮಾತು ಆಡಬಹುದೋ ಬಾರದೋ ಎಂದು.

ಅರವತ್ತನಾಲ್ಕರ ಜಾವಾ ಮೋಟರ್‌ಸೈಕಲ್ಲು ಅದು, ಕೆಂಪು ಟ್ಯಾಂಕಿನದು, ಮೈಸೂರಿನಲ್ಲಿ ತಯಾರಾದದ್ದು. ಒಬ್ಬ ಫೋರ್‌ಮನ್ನನಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದ. ಕಿಕ್ ಹೊಡೆಯುವ ಸನ್ನೆಗೋಲೇ ಮಡಚಿದರೆ ಗೇರಿನ ಸನ್ನೆಗೋಲಾಗುವ ಅದರ ಚಾಲಾಕಿಯನ್ನು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ತೋರಿಸಿದ್ದೇ ತೋರಿಸಿದ್ದು. ಮಾತು ಖರ್ಚು ಮಾಡದ ಮನುಷ್ಯ, ಆ ಗಾಡಿಯ ವಿಷಯ ಬಂದರೆ ಮಾತ್ರ ವಾಚಾಳಿ. ಭಾನುವಾರ ಅವನು ಗಾಡಿ ಬಿಚ್ಚಿ ಕೂತರೆ ರುದ್ರವ್ವ ಪಕ್ಕದಲ್ಲಿ ಕೂತು ಪಾನಾ ಕೊಡುತ್ತಿದ್ದಳು, ಯಾವ ನಟ್ಟಿಗೆ ಯಾವುದು ಅಂತ ಕೇಳದೆ. ಪ್ಲಗ್ ಬಿಚ್ಚಿ, ಉಜ್ಜಿ, ಮರಳಿ ಕೂರಿಸುವುದು ಪೂರ್ತಿ ಅವಳ ಕೆಲಸ. “ನನಗೂ ಒಂದ್ ಪಗಾರ ಹಚ್ಚಸ್ರಿ ನಿಮ್ಮ ಕಾರ್ಖಾನ್ಯಾಗ” ಎಂದು ನಗುತ್ತಿದ್ದಳು.

ಎಪ್ಪತ್ತೇಳರ ಡಿಸೆಂಬರ್‌ನಲ್ಲಿ ಅವಳಿಗೆ ಐದು ತಿಂಗಳು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ಅವಳ ತಾಯಿ ಬಸಲಿಂಗವ್ವ ಊರಿನಿಂದ, ಮನೆಯಲ್ಲೇ ತೆಗೆದ ಔಡಲೆಣ್ಣೆಯನ್ನು ದೊಡ್ಡದೊಂದು ಬಾಟಲಿಯಲ್ಲಿ ತುಂಬಿ, ಬಾಯಿಗೆ ಅರಿವೆ ಸುತ್ತಿ ಕಳಿಸಿದ್ದಳು, ಕೂಸಿನ ನೆತ್ತಿಗೆ ಒತ್ತಲಿಕ್ಕೆ. ಪೇಟೆಯ ಎಣ್ಣೆ ನಂಬಬೇಡ ಅಂತ ಹೇಳಿಯೂ ಕಳಿಸಿದ್ದಳು. ಒಂದು ಭಾನುವಾರ ಅಣವೀರಪ್ಪನ ಮನೆಗೆ ದಹಿಸರ್‌ಗೆ ಊಟಕ್ಕೆ ಹೋಗಬೇಕಿತ್ತು. “ಲೋಕಲ್‌ನ್ಯಾಗ ಹೋಗೂಣು” ಅಂದಳು ರುದ್ರವ್ವ. “ಆ ಗದ್ದಲದಾಗ ಬ್ಯಾಡ, ಯಾರರೆ ಮೈಮ್ಯಾಲೆ ಬಿದ್ದಾರು” ಅಂದ ಗದಿಗೆಪ್ಪ. ಗಾಡಿಯನ್ನು ಮೆಲ್ಲಗೇ ಓಡಿಸಿದ. ಗೋರೆಗಾಂವ್ ದಾಟಿ ಹೈವೇ ತಿರುವಿನಲ್ಲಿ ಯಾವುದೋ ಲಾರಿ ಚೆಲ್ಲಿದ್ದ ಮರಳಿನ ಮೇಲೆ ಗಾಲಿ ಜಾರಿ ಇಬ್ಬರೂ ಕೂತಲ್ಲೇ ಕೂತಂತೆ ನೆಲಕ್ಕೆ ಇಳಿದರು. ಮೊಣಕಾಲು ಸಹ ತರಚಲಿಲ್ಲ. ರುದ್ರವ್ವ ತಾನೇ ಎದ್ದು ಸೀರೆ ಕೊಡವಿಕೊಂಡಳು. ದಹಿಸರ್‌ನಲ್ಲಿ ಹೋಳಿಗೆ ಉಂಡರು. ಮರುದಿನ ಸಂಜೆ ಅವಳು ಆಸ್ಪತ್ರೆಯಲ್ಲಿದ್ದಳು, ಬಸಿರು ಉಳಿಯಲಿಲ್ಲ. ಆಮೇಲೆ ಮತ್ತೆ ಆಗಲೂ ಇಲ್ಲ.

ಮನೆಗೆ ಬಂದ ದಿನ ಅವಳು ಒಂದೇ ಮಾತು ಹೇಳಿದಳು: “ನಾ ಇನ್ನ ಅದರ ಮ್ಯಾಲೆ ಕುಂಡ್ರೂದಿಲ್ಲ.” ಅವನು ಗಾಡಿಯನ್ನು ಮೆಟ್ಟಿಲ ಕೆಳಗೆ ತಳ್ಳಿ ತಾಡಪತ್ರಿ ಹೊದಿಸಿದ. ಆ ವಿಷಯ ಅಲ್ಲಿಗೆ ಮುಗಿಯಿತು. ಮುಗಿಯಿತು ಅಂತ ಅವರಿಬ್ಬರೂ ನಟಿಸಿದರು ಅನ್ನುವುದು ಸರಿ. ಜಗಳವಿರಲಿಲ್ಲ, ಮಾತೂ ಇತ್ತು. ಸೀಮೆಎಣ್ಣೆ ಬಂತೇ, ಲೋಕಲ್ ಲೇಟೇ, ಊರಿನಿಂದ ಕಾಗದ ಬಂತೇ. ಕೂಸಿನ ಮಾತು ಮಾತ್ರ ಹನ್ನೆರಡು ವರ್ಷ ಒಬ್ಬರ ಬಾಯಲ್ಲೂ ಬರಲಿಲ್ಲ. ಆ ತಪ್ಪನ್ನು ಅವಳು ಹೊಟ್ಟೆಗೆ ಹಾಕಿಕೊಂಡಳೋ ಇಲ್ಲವೋ, ಅದೊಂದು ಗದಿಗೆಪ್ಪನಿಗೆ ತಿಳಿಯಬೇಕಿತ್ತು. ಕೇಳಲಿಲ್ಲ. ಮೊದಲು ಧೈರ್ಯ ಇರಲಿಲ್ಲ, ಆಮೇಲೆ ರೂಢಿ ತಪ್ಪಿತು, ಈಗ ಕೇಳೋಣವೆಂದರೆ ಅವಳೇ ಇಲ್ಲ.

ಒಂದು ಸಂಗತಿ ಮಾತ್ರ ವರ್ಷವರ್ಷವೂ ನಡೆಯುತ್ತಿತ್ತು. ಖಂಡೆನವಮಿಯ ದಿನ ಅವನು ಕಾರ್ಖಾನೆಯ ಮಶಿನ್ ಪೂಜೆ ಮುಗಿಸಿ ಮಧ್ಯಾಹ್ನ ಬರುವಷ್ಟರಲ್ಲಿ ರುದ್ರವ್ವ ಮನೆಯ ಕಬ್ಬಿಣಕ್ಕೆಲ್ಲ ಪೂಜೆ ಮಾಡಿರುತ್ತಿದ್ದಳು. ಈಳಿಗೆಗೆ, ಹೊಲಿಗೆ ಮಶಿನ್ನಿಗೆ, ಅವನ ಪಾನಾ ಪೆಟ್ಟಿಗೆಗೆ, ಕೆಳಗೆ ಜಾವಾಕ್ಕೆ. ತಾಡಪತ್ರಿಯ ಸಂದಿನಿಂದ ಹ್ಯಾಂಡಲ್ಲಿನ ಚೆಂಡು ಹೂವು ಕಾಣುತ್ತಿತ್ತು. ಊಟಕ್ಕೆ ಬಡಿಸುತ್ತ ಅನ್ನುತ್ತಿದ್ದಳು: “ಒಂದ್ ಸಲ ಹೋಗಿ ಅದರ ಕಿಕ್ ತಿರುವಿ ಬರ್ರಿ.” ಗದಿಗೆಪ್ಪನಿಗೆ ಅದು ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಬೇಕೆಂದೇ ನೆನಪು ಮಾಡಿಕೊಡುತ್ತಾಳೆ, ಹಬ್ಬದ ದಿನವೇ ಹಿಡಿದು ಚುಚ್ಚುತ್ತಾಳೆ ಅಂದುಕೊಳ್ಳುತ್ತಿದ್ದ. “ನಾಳೆ ನೋಡೂಣು” ಎಂದು ಕೈ ತೊಳೆದು ಏಳುತ್ತಿದ್ದ. ಆ ನಾಳೆ ಬರಲಿಲ್ಲ.

ಈಗ ನೋಟೀಸು ಬಂದ ಮೇಲೆ ಹಳೆ ಕಬ್ಬಿಣ ಕೊಳ್ಳುವ ಭಂಗಾರದವನನ್ನು ಕರೆಸಿದ. ಅವನು ತಾಡಪತ್ರಿ ಸರಿಸಿ ಕಿಕ್ ಮೇಲೆ ಕಾಲಿಟ್ಟು ಇಡೀ ಮೈಭಾರ ಬಿಟ್ಟ. ಗೋಡೆ ಒದ್ದಂತಾಯಿತು. “ಜಾಮ್ ಹೈ ಸೇಠ್, ಮರ್ ಗಯಾ,” ಎಂದ. ತೆಗೆದುಕೊಂಡು ಹೋಗು ಅನ್ನಬೇಕಿತ್ತು ಗದಿಗೆಪ್ಪ, ಅದಕ್ಕೇ ಕರೆಸಿದ್ದು. ಆದರೆ ತಾಡಪತ್ರಿಯನ್ನು ಮತ್ತೆ ಗಾಡಿಯ ಮೇಲೆ ಎಳೆದ. ಭಂಗಾರದವನು ಕಾದು ಕಾದು, ಇವನ ತಲೆ ಸರಿಯಿಲ್ಲವೆಂದು ಗೊಣಗಿ ಹೋದ. ಮರುದಿನ ಗದಿಗೆಪ್ಪ ಟೆಂಪೋ ಮಾಡಿಕೊಂಡು ಗಾಡಿಯನ್ನು ಅಂಧೇರಿಗೆ, ದೂಜನ ಗ್ಯಾರೇಜಿಗೆ ಹಾಕಿದ.

ದೂಜ ಕಾರ್ಕಳದ ಕಡೆಯವನು, ಅರವತ್ತು ದಾಟಿದ ಒಂಟಿ ಜೀವ. ಹಿಂದೆ ಈ ಗಾಡಿಯ ಚೈನು, ರಬ್ಬರು ಎಲ್ಲ ಅವನಲ್ಲೇ ಬದಲಾಗುತ್ತಿತ್ತು. ಅದು ಯಾಕೆ ನಿಂತಿತು ಅಂತ ಅವನಿಗೆ ಗೊತ್ತಿರಲಿಲ್ಲ, ಕೇಳುವ ಚಟವೂ ಅವನಿಗಿಲ್ಲ. ಜಾವಾವನ್ನು ಸುತ್ತು ಹಾಕಿ ನೋಡಿ, “ಎಂಥದು ಮಾರಾಯ್ರೆ, ಇದನ್ನು ಹೀಗೆ ಇಡುದಾ?” ಎಂದು ನೊಂದುಕೊಂಡ.

“ಇಂಜಿನ್ ಉಳಿದಿದ್ರ ಇಟ್ಕೋತೀನಿ, ಇಲ್ಲಾಂದ್ರ ಭಂಗಾರಕ್ಕ,” ಅಂದ ಗದಿಗೆಪ್ಪ. ತಾನೇ ನಿರ್ಧಾರ ಮಾಡುವ ತ್ರಾಣ ಅವನಲ್ಲಿರಲಿಲ್ಲ, ಅದಕ್ಕೆ ಇಂಜಿನ್ನಿನ ತಲೆಗೆ ಕಟ್ಟಿದ.

“ಒಳಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿದ್ರೆ ದೇವರೇ ಗತಿ. ಈ ಮಾಡೆಲಿನ ಸಿಲಿಂಡರ್ ಈಗ ಸಿಗುದಿಲ್ಲ,” ಅಂದ ದೂಜ.

ಭಾನುವಾರ ಭಾನುವಾರ ಗದಿಗೆಪ್ಪ ಅಂಧೇರಿಗೆ ಹೋಗತೊಡಗಿದ. ಇಬ್ಬರೂ ಕೆಲಸ ಮಾಡಿದರು. ಟ್ಯಾಂಕಿನೊಳಗೆ ಒಂದು ಹಿಡಿ ಮೊಳೆ ಹಾಕಿ ಅಲುಗಾಡಿಸಿ ತುಕ್ಕು ಉದುರಿಸಿದರು. ಕಾರ್ಬೊರೇಟರಿನಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತ್ತು, ಬಿಸಿನೀರಲ್ಲಿಟ್ಟು ಬಿಡಿಸಿದರು. ವಯರುಗಳನ್ನು ಇಲಿ ತಿಂದಿತ್ತು. ಟಯರು ಬೆರಳಿಗೆ ಪುಡಿಯಾಗುತ್ತಿತ್ತು. ಗದಿಗೆಪ್ಪನ ಕೈಗಳು ಎಲ್ಲವನ್ನೂ ಸರಿಯಾಗಿಯೇ ಮಾಡಿದವು, ಫಿಟ್ಟರನ ಕೈಗಳು ತಾನೇ. ಆದರೆ ಖುಷಿ ಅನ್ನುವುದು ಹತ್ತಿರ ಸುಳಿಯಲಿಲ್ಲ, ಬೇಸರವೂ ಇಲ್ಲ. ದೂಜ ಚಹಾ ಕೊಟ್ಟರೆ ಕುಡಿದ, ಮಾತಾಡಿಸಿದರೆ ಹೂಂಗುಟ್ಟಿದ. ಇಂಥವನ ಜೊತೆ ಕೆಲಸ ಮಾಡುವುದಕ್ಕಿಂತ ರೇಡಿಯೋ ಲೇಸು ಎಂದು ದೂಜ ರೇಡಿಯೋ ಹಚ್ಚಿದ.

ಇಂಜಿನ್ ಬಿಚ್ಚುವ ಕೆಲಸವನ್ನು ಇಬ್ಬರೂ ಮುಂದೂಡುತ್ತ ಬಂದಿದ್ದರು. ಏಪ್ರಿಲ್‌ನ ಕೊನೆಯ ಭಾನುವಾರ ಇನ್ನು ಬೇರೆ ಕೆಲಸ ಉಳಿಯಲಿಲ್ಲ. ದೂಜ ನಾಲ್ಕು ನಟ್ಟು ಸಡಿಲಿಸಿ, ಮರದ ಸುತ್ತಿಗೆಯಿಂದ ತಟ್ಟಿ, ಸಿಲಿಂಡರಿನ ಮೇಲಿನ ಹೆಡ್ ಎತ್ತಿದ. ತುಕ್ಕು ಇರಲಿಲ್ಲ. ಪಿಸ್ಟನ್ನಿನ ಮೇಲೆ ಕಂದು ಬಣ್ಣದ, ಅಂಟಿನಂಥ ದಪ್ಪ ಪದರವಿತ್ತು. ದೂಜ ಬೆರಳಿನಲ್ಲಿ ಮೀಟಿ, ಮೂಸಿ, ಹುಬ್ಬು ಏರಿಸಿದ.

“ಹರಳೆಣ್ಣೆ! ನಿಮ್ಮ ಕಡೆ ಔಡಲೆಣ್ಣೆ ಹೇಳ್ತೀರಲ್ಲ, ಅದು. ನೋಡಿ, ಅಡಿಯದ್ದು ಅರಗಿನ ಹಾಗೆ ಗಟ್ಟಿ, ಮೇಲಿನದ್ದು ಇನ್ನೂ ಹಸಿ. ಯಾರೋ ಪ್ಲಗ್ ಬಿಚ್ಚಿ ವರ್ಷ ವರ್ಷ ಹಾಕಿದ್ದಾರೆ. ಯಾರು ಮಾರಾಯ್ರೆ?”

ಗದಿಗೆಪ್ಪ ಬಗ್ಗಿ ಮೂಸಿದ. ಬಸಲಿಂಗವ್ವನ ಬಾಟಲಿ. ದೇವರ ಜಗಲಿಯ ಹಿಂದೆ ಹನ್ನೆರಡು ವರ್ಷ ನಿಂತಿತ್ತು ಅದು. ಎಣ್ಣೆ ವರ್ಷಕ್ಕಿಷ್ಟು ಇಳಿಯುತ್ತಿದ್ದುದನ್ನು ಅವನು ಕಂಡಿದ್ದ, ಮೊಣಕಾಲಿಗೆ ಹಚ್ಚಿಕೊಳ್ಳುತ್ತಾಳೆ ಅಂದುಕೊಂಡಿದ್ದ. ಅವಳು ಸತ್ತ ಮೇಲೆ ಜಗಲಿ ಒರೆಸುವಾಗ ತಳದಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. ಅದನ್ನೂ ನೋಡಿ, ಅಲ್ಲೇ ಇಟ್ಟು, ನೀರು ತುಂಬಲು ಹೋಗಿದ್ದ. ಕೂಸಿನ ನೆತ್ತಿಗೆಂದು ಬಂದ ಎಣ್ಣೆಯನ್ನು ಅವಳು ಈ ಗಾಡಿಗೆ ಕುಡಿಸಿದ್ದಳು, ಇದೇ ಗಾಡಿಗೆ.

“ನಮ್ಮಾಕಿ,” ಅಂದ.

“ಬುದ್ಧಿವಂತೆ. ಇದಿಲ್ಲದಿದ್ರೆ ಸಿಲಿಂಡರ್ ತುಕ್ಕು ತಿಂದು ಕೂತಿರ್ತಿತ್ತು, ಇವತ್ತು ನಾನೂ ಕೈ ಎತ್ತುತ್ತಿದ್ದೆ,” ಎಂದ ದೂಜ. ಕೆಲಸದವನ ನೇರ ಬಾಯಿ, ಅಲ್ಲಿಗೇ ನಿಲ್ಲಲಿಲ್ಲ. “ಆದ್ರೆ ಎಣ್ಣೆ ಹಾಕಿದ್ರೆ ಸಾಲುದಿಲ್ಲ ನೋಡಿ. ಹಾಕಿ ಸುಮ್ಮನೆ ಬಿಟ್ಟದ್ದಕ್ಕೇ ಅಂಟಿ ಜಾಮ್ ಆದದ್ದು. ಹಾಕಿದ ಮೇಲೆ ಯಾರಾದ್ರೂ ಒಮ್ಮೆ ಕಿಕ್ ತಿರುಗಿಸಬೇಕಿತ್ತು, ಅಷ್ಟೇ. ಅವ್ರ ಕಾಲಿಗೆ ಅಷ್ಟು ಬಲ ಎಲ್ಲಿಂದ ಬರ್ಬೇಕು? ನಿಮಗೆ ಹೇಳ್ಲಿಲ್ವಾ?”

“ಹೇಳಿದ್ಳು,” ಅಂದ ಗದಿಗೆಪ್ಪ. “ಹನ್ನೆರಡ ಸಲ ಹೇಳಿದ್ಳು.”

ಆಗ ಅವನಿಗೆ ನೋವಾಯಿತು. ಎಲ್ಲಿ ಅಂತ ಕೈಯಿಟ್ಟು ತೋರಿಸಲಾಗದ, ಆದರೆ ಖಂಡಿತವಾಗಿ ತನ್ನದೇ ಆದ ನೋವು. ದೂಜ ಡಬ್ಬಿಯಲ್ಲಿ ಸೀಮೆಎಣ್ಣೆ ಸುರಿದು, ಅಂಟು ಕೆರೆಯಲು ಚಾಕು ಹುಡುಕತೊಡಗಿದಾಗ ಗದಿಗೆಪ್ಪ ಕೈ ಚಾಚಿದ. “ಚಾಕು ಬ್ಯಾಡ. ಅರಿವಿ ಕೊಡು. ನಾ ಮಾಡ್ತೀನಿ.”

ಆ ಅಂಟು ಬಿಡದೆ ಗಾಡಿ ತಿರುಗುವಂತಿರಲಿಲ್ಲ, ಒರೆಸಿದರೆ ಅವಳದೆಂದು ಉಳಿದದ್ದೂ ಹೋಗುತ್ತಿತ್ತು. ಅವನು ಒರೆಸಿದ. ಅರಿವೆ ಅದ್ದಿ, ಹಿಂಡಿ, ಮೆಲ್ಲಗೆ ಒರೆಸಿದ. ವರ್ಷಗಳ ಪದರ ಒಂದೊಂದಾಗಿ ಕರಗಿ ಬಂತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮರದ ತುಂಡಿಟ್ಟು ತಟ್ಟಿದಾಗ ಪಿಸ್ಟನ್ ಕೂದಲೆಳೆಯಷ್ಟು ಕದಲಿತು. ಕೈ ನಿಲ್ಲಿಸದೆ, ತಲೆಯೆತ್ತದೆ ಗದಿಗೆಪ್ಪ ಹೇಳಿದ: “ಐದು ತಿಂಗಳಾಗಿತ್ತು ಆಕಿಗೆ. ಇದರ ಮ್ಯಾಲಿಂದ ನಾನಽ ಕೆಡವಿದೆ.” ಈ ಮಾತನ್ನು ಅವನು ಮನುಷ್ಯಮಾತ್ರರಿಗೆ ಹೇಳಿದ್ದು ಅದೇ ಮೊದಲು. ದೂಜ ರೇಡಿಯೋ ಆರಿಸಿದ. ಆ ಮಟ್ಟಿಗೆ ಅವನು ಅಣವೀರಪ್ಪನಿಗಿಂತ ಬುದ್ಧಿವಂತ.

ಮುಂದಿನ ಭಾನುವಾರ ರಿಂಗು ಕೂಡಿಸಿ, ಹೆಡ್ ಬಿಗಿದರು. ಪೆಟ್ರೋಲು ಹಾಕಿರಲಿಲ್ಲ, ಪ್ಲಗ್ಗೂ ಇರಲಿಲ್ಲ. “ಒಮ್ಮೆ ತಿರುಗಿಸಿ ನೋಡಿ,” ಎಂದ ದೂಜ.

ಗದಿಗೆಪ್ಪ ಚಪ್ಪಲಿ ಬಿಟ್ಟ. ಕಿಕ್ಕಿನ ಸನ್ನೆಗೋಲು ಬಿಡಿಸಿ, ಬರಿಗಾಲನ್ನು ಅದರ ಮೇಲಿಟ್ಟು ಒತ್ತಿದ. ಇಳಿಯಿತು. ಪ್ಲಗ್ಗಿನ ತೂತಿನಿಂದ ಒಂದು ಬೆಚ್ಚನೆಯ ಉಸಿರು ಹೊರಬಂತು, ಅದರಲ್ಲಿ ಇನ್ನೂ ಔಡಲೆಣ್ಣೆಯ ವಾಸನೆಯಿತ್ತು.

“ತಿರುವೀನಿ ನೋಡು,” ಅಂದ ಗದಿಗೆಪ್ಪ, ದೂಜನಿಗಲ್ಲ. ಮತ್ತೊಮ್ಮೆ ಒತ್ತಿದ, ಇನ್ನೊಮ್ಮೆ ಒತ್ತಿದ, ಕಣ್ಣು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ ಒತ್ತಿದ. ಪ್ಲಗ್ ಎಲ್ಲಿ ಹೋಯಿತೋ ಎನ್ನುತ್ತ ದೂಜ ಒಳಗೆ ಹೋದ. ಪ್ಲಗ್ ಅವನ ಕೈಯಲ್ಲೇ ಇತ್ತು.