ಟವೆಲ್ಲಿನಡಿಯ ತೋರುಬೆರಳು

ದನದ ದಲ್ಲಾಳಿಗೆ ಬಾಯಿಗಿಂತ ಬೆರಳು ಮುಖ್ಯ. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಮೇಲೆ ಹರಡಿ, ಅದರಡಿ ಬೆರಳು ಹಿಡಿದು ಬೆಲೆ ಹೇಳುವುದು ನಮ್ಮ ಪದ್ಧತಿ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಹಾಗಿರುವಾಗ ನನ್ನ ಬಲಗೈ ತೋರುಬೆರಳಿನ ತುದಿ ಊದತೊಡಗಿತು. ಉಗುರುಸುತ್ತು ಎಂದುಕೊಂಡು ನಿಂಬೆಹಣ್ಣು ಸಿಕ್ಕಿಸಿಕೊಂಡೆ. ಇಳಿಯಲಿಲ್ಲ. ಎದುರಿನವನು ಹಿಡಿದರೆ ಜೀವ ಹೋದಂತಾಗುತ್ತಿತ್ತು. ಬಿಡಿಸಿಕೊಂಡರೆ ಸಾಕೆಂದು ಅವನು ಹೇಳಿದ ಬೆಲೆಗೇ ಒಪ್ಪಿಬಿಡುತ್ತಿದ್ದೆ.

ಲಕ್ಷ್ಮೀಪುರಂನ ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ತುದಿಯ ಮೂಳೆಯಲ್ಲಿ ಹುಳು ಕೊರೆದ ಅವರೆಕಾಳಿನಂತೆ ದುಂಡನೆಯ ತೂತು.

“ಕೆಟ್ಟ ಗಡ್ಡೆಯಾದರೆ ಬೆರಳು ತೆಗೀಬೇಕಾಗುತ್ತೆ. ಹಿಂದೆ ಅಲ್ಲಿ ಏನಾದರೂ ಚುಚ್ಚಿತ್ತೇ?”

“ಏನೂ ಇಲ್ಲ ಸ್ವಾಮಿ.”

ಮಾಲಿನ ಐಬನ್ನು ನಾವಾಗಿ ಹೇಳಬಾರದೆಂಬುದು ನನ್ನ ಕಸುಬಿನ ಮೊದಲ ಪಾಠ. ನಾಲಗೆ ತಾನಾಗಿಯೇ ಇಲ್ಲವೆಂದಿತ್ತು. ಏನೂ ಚುಚ್ಚಿಲ್ಲವೆಂದರೆ ಕೆಟ್ಟ ಗಡ್ಡೆಯೇ ಇರಬೇಕೆಂದು ಡಾಕ್ಟರ ಮುಖ ಇನ್ನಷ್ಟು ಬಿಗಿಯಾಯಿತು. ನಾನು ಅಲ್ಲೂ ಚೌಕಾಸಿಗಿಳಿದೆ.

“ಅರ್ಧ ಬೆರಳಾದ್ರೂ ಉಳಿಸ್ಕೊಟ್ಬುಡಿ.”

ಪಕ್ಕದಲ್ಲಿದ್ದ ನನ್ನಾಕೆಗೆ ತಡೆಯಲಾಗಲಿಲ್ಲ. “ಸುಳ್ಳು ಕಣ್ರೀ ಡಾಕ್ಟ್ರೇ! ನಾವು ಈಗಿರೋ ಮನೇಗೆ ಬಂದ ವರ್ಷ ಹಿಂಡಿ ಮೂಟೆ ಹೊಲೀವಾಗ ಇದೇ ಬೆರಳಿಗೆ ದಬ್ಬಳ ನೆಟ್ಕೊಂಡು ಬೀದೀಗೆಲ್ಲ ಕೇಳೋ ಹಾಗೆ ಕೂಗ್ಕೊಂಡ್ರು.” ನನ್ನ ಕಡೆ ತಿರುಗಿದಳು. “ಎತ್ತು ಮಾರೋ ಬುದ್ಧಿ ಇಲ್ಯಾಕ್ರೀ ನಿಮಗೆ?”

ಡಾಕ್ಟರು ಕುರ್ಚಿ ಎಳೆದು ಕುಳಿತರು. “ಮೊದಲೇ ಹೇಳಬಾರದಿತ್ತೇನ್ರೀ? ದಬ್ಬಳದ ಜೊತೆ ಮೇಲ್ಚರ್ಮದ ಚೂರು ಒಳಗೆ ಹೋಗಿ, ಚೀಲ ಕಟ್ಟಿಕೊಂಡು, ಬೆಳೀತಾ ಮೂಳೆಯನ್ನ ಸವೆಸಿರಬಹುದು. ಆದರೆ ಕುಯ್ದು ನೋಡೋ ತನಕ ಖಾತ್ರಿ ಇಲ್ಲ.”

ಬೆರಳು ಮರಗಟ್ಟಿಸಿ ಕುಯ್ದರು. ಮುಖ ತಿರುಗಿಸಿ ಎಂದರೂ ನಾನು ತಿರುಗಿಸಲಿಲ್ಲ, ಸರಕು ನನ್ನದಲ್ಲವೇ? ಮುತ್ತಿನ ಬಣ್ಣದ ಪುಟ್ಟ ಚೀಲ ಕಾಣಿಸಿತು. ಒಳಗೆ ಹಿಂಡಿದ ಮೊಸರಿನಂಥ ಬಿಳಿ ಮುದ್ದೆ, ಕಮಟು ವಾಸನೆ. ಡಾಕ್ಟರು ಅವತ್ತೇ ಮೊದಲು ನಕ್ಕಿದ್ದು.

“ಅದೇ ಇದು. ಚೀಲ ಪೂರ್ತಿ ತೆಗೀತೀನಿ. ಚೂರು ಉಳಿದರೂ ಮತ್ತೆ ಬೆಳೆಯುತ್ತೆ. ಇದರಲ್ಲಿ ಅರ್ಧಗಿರ್ಧ ಇಲ್ಲ.”

“ಪೂರ್ತಿ ತಗೊಂಬುಡಿ ಸ್ವಾಮಿ,” ಎಂದೆ. ಪರೀಕ್ಷೆಗೆ ಕಳಿಸಿದ ಚೂರಿನಲ್ಲೂ ಕೆಟ್ಟದ್ದೇನೂ ಸಿಗಲಿಲ್ಲ.

ಎತ್ತು ಕೊಳ್ಳಲು ಬಂದವನಿಗೆ ಏನು ಬೇಕಾದರೂ ಹೇಳಿ. ನಿಮ್ಮ ನಾಡಿ ಹಿಡಿದವರ ಮುಂದೆ ಮುಳ್ಳು ಚುಚ್ಚಿದ್ದನ್ನೂ ಮುಚ್ಚಿಡಬೇಡಿ.

ಗಾಯ ಮಾಗಿದ ಮೇಲೆ ಬನ್ನಿಮಂಟಪದ ಕಡೆ ಒಂದು ಜೋಡಿ ಎತ್ತು ಮಾರಿಸಲು ಕೈಹಾಕಿದೆ. ನೋವಿನ ದಿನಗಳಲ್ಲಿ ನನ್ನ ಬೆಲೆ ಇಳಿಸಿದ್ದ ಹಳೆಯ ಎದುರಾಳಿಯೊಬ್ಬ ಟವೆಲ್ಲಿನಡಿ ಬೇಕೆಂದೇ ಆ ಬೆರಳನ್ನು ಹಿಸುಕಿದ. ನಾನು ಅಲುಗಲಿಲ್ಲ.

“ಏನಣ್ಣಾ, ಈಗ ನೋಯಲ್ವಾ?”

“ಇನ್ನೂ ಬಿಗಿಯಾಗಿ ಇಡ್ಕೊಳೋ. ಬೆಲೆ ಮಾತ್ರ ಇಳಿಯಲ್ಲ.”