ಬಲ ಹೆಗಲಿನ ಸೆರಗು

ಜೇವರ್ಗಿಯಲ್ಲಿ ನಾನು ಕ್ಷೌರಕ್ಕೆ ಹೋಗುವ ಅಂಗಡಿಗೆ ಈಚೆಗೆ ಟಿವಿ ಬಂದಿದೆ. ಗಿರಾಕಿಯ ಬೆನ್ನ ಹಿಂದಿನ ಗೋಡೆಗೆ ಹಲಗೆ ಹೊಡೆದು ಅದನ್ನು ಕೂರಿಸಿರುವುದರಿಂದ, ಕುರ್ಚಿಯಲ್ಲಿ ಕುಳಿತವನಿಗೆ ಅದು ಎದುರಿನ ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ. ಕಳೆದ ಭಾನುವಾರ ಗಲ್ಲದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕುಳಿತಿದ್ದೆ. ಕನ್ನಡಿಯಲ್ಲಿ ಯಾವುದೋ ಹಳೆಯ ಕಪ್ಪು ಬಿಳುಪು ಸಿನಿಮಾ ನಡೆದಿತ್ತು. ದೊಡ್ಡ ಮನೆ, ಎಡಗಡೆಯಿಂದ ಬಳಕುತ್ತ ಮೇಲೇರುವ ಮೆಟ್ಟಿಲು, ಮೆಟ್ಟಿಲಿಳಿದು ಬರುವ ಹೆಣ್ಣು. ಅವಳ ಸೆರಗು ಬಲ ಹೆಗಲಿನ ಮೇಲಿತ್ತು.

ಆ ಮನೆ ನನಗೆ ಗೊತ್ತಿತ್ತು. ಮುಂದೆ ಯಾವ ಬಾಗಿಲಿನಿಂದ ಅವಳ ಅತ್ತೆ ಬರುತ್ತಾಳೆ ಎಂಬುದೂ ಗೊತ್ತಿತ್ತು. ಸರಿಯಾಗಿ ನೋಡೋಣವೆಂದು ಕತ್ತು ತಿರುಗಿಸಿದೆ. ನೇರವಾಗಿ ಟಿವಿಯಲ್ಲಿ ನೋಡಿದರೆ ಮೆಟ್ಟಿಲು ಬಲಕ್ಕಿದೆ, ಬಾಗಿಲು ಎಡಕ್ಕಿದೆ, ಮನೆ ಯಾರದೋ ಆಗಿಬಿಟ್ಟಿದೆ. ಕ್ಷೌರದವನು ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಮೊದಲಿನ ಜಾಗಕ್ಕೆ ತಂದ.

‘ಹಿಂಗ ಹೊಳ್ಳಬ್ಯಾಡ್ರಿ ಸರ. ಕತ್ತಿ ಕೈಯಾಗ ಅದ.’

ಮತ್ತೆ ಕನ್ನಡಿ ನೋಡಿದೆ. ಮನೆ ತಿರುಗಿ ನಮ್ಮದಾಗಿತ್ತು.

ನಮ್ಮದು ಎಂದೆನಲ್ಲ, ಅದನ್ನು ವಿವರಿಸಬೇಕು. ಆಳಂದದಲ್ಲಿ ನಮ್ಮ ಮನೆ ಊರಿನ ಅಂಚಿಗಿತ್ತು. ಆಚೆಯ ಬಯಲಿನಲ್ಲಿ ಬೇಸಿಗೆಗೊಂದು ಟೂರಿಂಗ್ ಟಾಕೀಸು ಬಂದು ಡೇರೆ ಹಾಕುತ್ತಿತ್ತು. ಡೇರೆಯ ಬಟ್ಟೆ ಜನ ಕೂರುವಷ್ಟು ಜಾಗಕ್ಕೆ ಸಾಕಾಗುತ್ತಿತ್ತು, ಪರದೆಯ ಹಿಂಭಾಗ ಬಯಲಿಗೆ ಬಿಟ್ಟದ್ದು. ಆ ಹಿಂಭಾಗ ನಮ್ಮ ಮಾಳಿಗೆಗೆ ಎದುರಾಗಿತ್ತು. ತೆಳ್ಳನೆಯ ಬಿಳಿ ಬಟ್ಟೆ, ಬೆಳಕು ಆಚೆಯಿಂದ ಈಚೆ ಹಾಯುತ್ತಿತ್ತು. ಡೇರೆಯೊಳಗೆ ಕುಳಿತವರು ಏನು ನೋಡುತ್ತಿದ್ದರೋ ಅದನ್ನೇ ನಾವು ಬೆನ್ನ ಕಡೆಯಿಂದ ನೋಡುತ್ತಿದ್ದೆವು, ಒಣಹಾಕಿದ ಮೆಣಸಿನಕಾಯಿಯನ್ನು ಒತ್ತಟ್ಟಿಗೆ ಸರಿಸಿ, ಕಂಬಳಿ ಹಾಸಿ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಳುವ ಸನ್ನಿವೇಶಗಳಿಗೆ ಅದು ಅನುಕೂಲವೇ ಆಗಿತ್ತು.

ಅಪ್ಪನ ಅಪ್ಪ, ನಮ್ಮ ಮುತ್ಯಾ, ಹೆಂಗಸರನ್ನು ಟಾಕೀಸಿಗೆ ಕಳಿಸುವವನಲ್ಲ. ಆದರೆ ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ ನೀಲವ್ವ, ಸಂಜೆಯ ಮೊದಲ ಆಟ ಶುರುವಾಗುವ ಹೊತ್ತಿಗೆ ಏಣಿ ಹತ್ತುವುದನ್ನು ಅವನು ದಿನಾ ನೋಡುತ್ತಿದ್ದ. ಓಣಿಯವರು ಯಾರೋ ಚುಚ್ಚಿದಾಗ ಅವನು, ಮನೆ ಬಿಟ್ಟು ಹೋಗಬೇಡಿ ಎಂದಿದ್ದೇನೆಯೇ ಹೊರತು ಮನೆ ಹತ್ತಬೇಡಿ ಎಂದಿಲ್ಲ ಎಂದನಂತೆ. ‘ಅಂತೆ’ ಎನ್ನುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಮುತ್ಯಾ ಸತ್ತ ಮೇಲೆ ಚೆನ್ನಾದ ಮಾತುಗಳನ್ನೆಲ್ಲ ಅವನ ಬಾಯಿಗೆ ಹಾಕುವ ರೂಢಿಯಿತ್ತು.

ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಹಾಗಾಗಿ ಪರದೆಯ ಮೇಲಿನ ಅಕ್ಷರಗಳು ಉಲ್ಟಾ ಇರುವುದು ಅವಳಿಗೆ ತಿಳಿಯುವ ಹಾಗಿರಲಿಲ್ಲ. ನನಗೆ ಓದು ಬರುತ್ತಿತ್ತು, ಆದರೆ ಅದನ್ನು ನಾನು ಬಹಳ ದಿನ ತಮಿಳು ಎಂದುಕೊಂಡಿದ್ದೆ. ಸಿನಿಮಾದ ಮಂದಿ ಎಡಗೈಯಲ್ಲಿ ಉಣ್ಣುತ್ತಿದ್ದರು, ಎಡಗೈಯಲ್ಲಿ ಆರತಿ ಬೆಳಗುತ್ತಿದ್ದರು. ದೊಡ್ಡವ್ವ ಇದಕ್ಕೆಲ್ಲ ಸಮಾಧಾನ ಕಂಡುಕೊಂಡಿದ್ದಳು. ದುಡಿಯುವ ಕಡೆ ಯಜಮಾನರು ಹೇಳಿದ ಹಾಗೆ ಕೇಳಬೇಕಾಗುತ್ತದೆ, ಪಾಪ, ಅವರಾದರೂ ಏನು ಮಾಡಿಯಾರು ಎನ್ನುತ್ತಿದ್ದಳು.

ಆದರೆ ಒಂದು ಬೇಸಿಗೆ ಪೂರ್ತಿ ಮತ್ತೆ ಮತ್ತೆ ಬಂದ ಒಂದು ಸಿನಿಮಾದಲ್ಲಿ, ನಾನು ಕನ್ನಡಿಯಲ್ಲಿ ಕಂಡ ಇದೇ ಸಿನಿಮಾದಲ್ಲಿ, ಅವಳಿಗೆ ಬೇರೊಂದು ಕಂಡಿತು. ಶ್ರೀಮಂತರ ಮನೆಗೆ ಸೊಸೆಯಾಗಿ ಹೋಗಿ ಕಷ್ಟಪಡುವ ನಾಯಕಿ ಸೆರಗನ್ನು ಬಲ ಹೆಗಲಿನ ಮೇಲೆ ಹಾಕಿಕೊಂಡಿದ್ದಳು. ನಮ್ಮ ಮನೆಯ ಹೆಂಗಸರೂ ಸೆರಗನ್ನು ಬಲಕ್ಕೆ ತಂದು ತಲೆ ತುಂಬ ಹೊದೆಯುವವರು. ಆಳಂದಕ್ಕೆ ವರ್ಗವಾಗಿ ಬಂದ ಮೈಸೂರು ಕಡೆಯ ಮಾಸ್ತರರ ಹೆಂಡತಿಯರದು ಎಡ ಸೆರಗು. ದೊಡ್ಡವ್ವನಿಗೆ ಸಂಶಯವೇ ಉಳಿಯಲಿಲ್ಲ. ಆ ನಾಯಕಿ ನಮ್ಮ ಕಡೆಯವಳು. ಮಾತು ಮಾತ್ರ ಬೆಂಗಳೂರಿನವರು ಕಲಿಸಿದ್ದು, ಸೆರಗು ತವರಿನದು.

ದೊಡ್ಡವ್ವನಿಗೆ ಇಬ್ಬರು ಗಂಡುಮಕ್ಕಳು. ನಾಗರ ಪಂಚಮಿಗೆ ಓಣಿಯ ಎಲ್ಲ ಮನೆಗಳಿಗೂ ಮದುವೆಯಾದ ಹೆಣ್ಣುಮಕ್ಕಳು ಬರುತ್ತಿದ್ದರು. ಉಂಡಿ ಕಟ್ಟುವುದು, ಜೋಕಾಲಿ, ಹೊರಡುವ ದಿನ ಉಡಿ ತುಂಬುವುದು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಬಸದ ಖಣ ಹಾಕಿ, ಅದನ್ನು ನಡುವಿಗೆ ಕಟ್ಟಿಕೊಂಡು ಮಗಳು ಗಂಡನ ಮನೆಗೆ ಹೊರಡುತ್ತಾಳೆ. ನಮ್ಮ ಮನೆಯಲ್ಲಿ ಯಾರ ಉಡಿಯೂ ಇರಲಿಲ್ಲ. ದೊಡ್ಡವ್ವ ಪಕ್ಕದ ಮನೆಗೆ ಹೋಗಿ ಅವರ ಮಕ್ಕಳ ಉಡಿ ತುಂಬಿ ಬರುತ್ತಿದ್ದಳು, ಬಂದು ಬೇಗ ಮಲಗುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ಮುತ್ಯಾ ಇರಲಿಲ್ಲ. ಆಗ ಊರಿಂದ ಒಂದು ಯಾತ್ರೆಯ ಬಸ್ಸು ಹೊರಟಿತು. ಕರಪತ್ರದಲ್ಲಿ ನಂದಿಯ ಚಿತ್ರ, ಕೆಳಗೆ ಶ್ರೀಶೈಲ, ಕಾಳಹಸ್ತಿ, ಮದ್ರಾಸು. ಮದ್ರಾಸಿನ ಮುಂದೆ ‘ಸಮುದ್ರ ಮತ್ತು ಸಿನಿಮಾ ಸ್ಟುಡಿಯೋ ದರ್ಶನ’ ಎಂದು ಅಚ್ಚಾಗಿತ್ತು. ನಾನು ಅದನ್ನು ಓದಿ ಹೇಳಿದೆ. ದೊಡ್ಡವ್ವ ಶ್ರೀಶೈಲಕ್ಕೆ ಹರಕೆಯಿದೆ ಎಂದಳು. ಹರಕೆ ಯಾವಾಗ ಹೊತ್ತದ್ದು ಎಂದು ದೊಡ್ಡಪ್ಪ ಕೇಳಲಿಲ್ಲ. ಜೊತೆಗೆ ಹೋಗಲು, ಕಾಲೇಜಿಗೆ ಹೋಗುತ್ತ ಎಲ್ಲವನ್ನೂ ತಿಳಿದವನೆಂದು ಓಡಾಡುತ್ತಿದ್ದ ನನ್ನನ್ನು ಆರಿಸಿದರು.

ಬಸ್ಸಿನಲ್ಲಿ ದೊಡ್ಡವ್ವನ ಪಕ್ಕ ಅಫಜಲಪುರದ ಗುರುಬಾಯಿ ಎಂಬಾಕೆ ಕುಳಿತಳು. ಮಗಳ ಮನೆ ಕಲಬುರ್ಗಿಯಲ್ಲಿ, ಹಾಗಾಗಿ ಕುರ್ಚಿಯಿರುವ ಥಿಯೇಟರಿನಲ್ಲಿ ಸಿನಿಮಾ ನೋಡಿದವಳು. ಕಾಳಹಸ್ತಿ ದಾಟುವ ಹೊತ್ತಿಗೆ ದೊಡ್ಡವ್ವನ ಕಾಲ ಬಳಿ ಇದ್ದ ಸಣ್ಣ ಗಂಟಿನಲ್ಲಿ ಏನಿದೆ ಎಂಬುದನ್ನು ಅವಳು ಕೇಳಿ ತಿಳಿದುಕೊಂಡುಬಿಟ್ಟಳು. ಅದು ಉಡಿ. ಅಕ್ಕಿಯಿಂದ ಖಣದವರೆಗೆ ಎಲ್ಲ ಇತ್ತು. ಆ ನಾಯಕಿಗೆ ತುಂಬಲು ತಂದದ್ದು.

‘ಆಕಿ ನಮ್ಮ ಕಡೀಕಿ ಅಂತ ನಿಮಗ ಯಾರ್ ಹೇಳ್ಯಾರ್ರಿ ಅಕ್ಕಾರ?’ ಎಂದಳು ಗುರುಬಾಯಿ.

‘ಸೆರಗೇ ಹೇಳ್ತದಲ್ಲ.’

ಗುರುಬಾಯಿ ನಕ್ಕಳು. ತಾನು ನೋಡಿದ ಒಬ್ಬ ಹೀರೋಯಿನ್ನಿನದೂ ಬಲ ಸೆರಗಿರಲಿಲ್ಲ, ಗಂಟು ಹಾಗೇ ತಿರುಗಿ ಊರಿಗೆ ಬರುತ್ತದೆ ನೋಡುತ್ತಿರಿ ಎಂದಳು. ದೊಡ್ಡವ್ವ ಗಂಟನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಮಗಳ ಹೆಸರಿನಲ್ಲಿ ಕಟ್ಟಿದ ಉಡಿಯನ್ನು ಮನೆಗೆ ವಾಪಸ್ ತರುವಂತಿಲ್ಲ. ಅದು ಅವಳ ಲೆಕ್ಕದಲ್ಲಿ ಮಗಳಿಲ್ಲ ಎಂದು ಇನ್ನೊಮ್ಮೆ ಹೇಳಿಸಿಕೊಂಡ ಹಾಗೆ.

ಸ್ಟುಡಿಯೋ ಎಂದರೆ ನಾವು ಅರಮನೆ ಎಂದುಕೊಂಡಿದ್ದೆವು. ಅದು ಹತ್ತಿಯ ಗೋದಾಮುಗಳ ಸಾಲಿನಂತಿತ್ತು. ಎಲ್ಲೆಲ್ಲೂ ದಪ್ಪ ವಾಯರು, ಎಲ್ಲರ ಕೈಯಲ್ಲೂ ಚಹಾ. ಆ ನಾಯಕಿ ಇಲ್ಲಿಗೆ ಬರುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತೆಂದು ಗೇಟಿನವನು ಟೂರಿನವನಿಗೆ ಹೇಳಿದ. ಆಫೀಸಿನ ಪಡಸಾಲೆಯಲ್ಲಿ ಹಳೆಯ ಸಿನಿಮಾಗಳ ದೊಡ್ಡ ಫೋಟೋಗಳಿದ್ದವು. ದೊಡ್ಡವ್ವ ಒಂದರ ಮುಂದೆ ನಿಂತಳು. ಅದೇ ಮೆಟ್ಟಿಲು, ಅದೇ ತೂಗುದೀಪ, ಅದೇ ಹೆಣ್ಣು. ಮೆಟ್ಟಿಲು ಬಲಕ್ಕಿತ್ತು. ಸೆರಗು ಎಡಕ್ಕಿತ್ತು.

‘ನೋಡ್ರಿ ಅಕ್ಕಾರ, ನಿಮ್ಮ ಮಗಳು ಮೈಸೂರ ಸೀಮ್ಯಾಕಿ,’ ಎಂದಳು ಗುರುಬಾಯಿ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ಗೆದ್ದ ಖುಷಿಯಷ್ಟೇ.

ದೊಡ್ಡವ್ವ ನನ್ನತ್ತ ತಿರುಗಿ, ಈ ಫೋಟೋ ಯಾಕೆ ಉಲ್ಟಾ ತೆಗೆದಿದ್ದಾರೆ ಎಂದು ಕೇಳಿದಳು. ನಾನು ಜೇಬಿನಿಂದ ಯಾತ್ರೆಯ ಕರಪತ್ರ ತೆಗೆದು ಬಿಸಿಲಿಗೆ ಹಿಡಿದೆ. ಮುಂದಿನಿಂದ ನೋಡಿದರೆ ನಂದಿಯ ಮುಖ ಎಡಕ್ಕೆ. ಹಿಂದಿನಿಂದ ನೋಡಿದರೆ ಬಲಕ್ಕೆ. ಅವಳು ಕಾಗದವನ್ನು ತಾನೇ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅಳುತ್ತಾಳೆಂದು ನಾನು ಹೆದರಿದ್ದೆ. ಅವಳ ಮುಖದಲ್ಲಿ ಇದ್ದದ್ದು ಬೇರೆ, ಮೊದಲ ಸಲ ರೇಡಿಯೋದ ಹಿಂದಿನ ಮುಚ್ಚಳ ತೆಗೆದು ತೋರಿಸಿದಾಗ ಇದ್ದಂಥ ಮುಖ.

‘ಅಂದ್ರ ನಾ ಅಷ್ಟು ದಿನ ಹಿಂದಿನಿಂದ ನೋಡೇನಿ.’

‘ಹೌದು ದೊಡ್ಡವ್ವ.’

‘ಹಿಂದಿನಿಂದ ನೋಡಿದ್ರ ಆಕಿ ಬೆನ್ನು ಕಾಣಬೇಕಿತ್ತಲ್ಲ. ಮಾರಿ ಹ್ಯಾಂಗ ಕಂಡಿತು?’

ಕಾಲೇಜಿನಲ್ಲಿ ನನ್ನದು ವಿಜ್ಞಾನ. ಬೆಳಕು, ಬಟ್ಟೆ ಎಂದು ಏನೋ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದೆ. ಉತ್ತರ ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ಉತ್ತರ ಅವಳ ಪ್ರಶ್ನೆಗಿಂತ ಸಣ್ಣದಾಗಿತ್ತು.

ಮುಂದೆ ಒಂದು ಗೋದಾಮಿನಲ್ಲಿ ಶೂಟಿಂಗ್ ನಡೆದಿತ್ತು. ಮದುವೆಮನೆಯ ಸೆಟ್ಟು, ಕಂಬಗಳು, ಬಾಳೆ, ಹೂವಿನ ಮಾಲೆ. ನಮ್ಮವರೆಲ್ಲ ಕ್ಯಾಮೆರಾ ಇದ್ದ ಕಡೆಗೆ ಹಗ್ಗದ ಈಚೆ ನಿಂತರು. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಅವಳು ಸುತ್ತು ಹಾಕಿ ಸೆಟ್ಟಿನ ಹಿಂದಕ್ಕೆ ಹೋಗಿದ್ದಳು. ಅಲ್ಲಿಂದ ನೋಡಿದರೆ ಮದುವೆಮನೆಯೆಂದರೆ ಬೊಂಬು, ಗೋಣಿತಟ್ಟು, ಮೊಳೆ. ಗೋಡೆಯ ನೆರಳಿನಲ್ಲಿ ಒಂದು ಡಬ್ಬದ ಮೇಲೆ ರೇಷ್ಮೆ ಸೀರೆಯುಟ್ಟ ಹೆಣ್ಣೊಬ್ಬಳು ಕುಳಿತು ಕಾಲಿನ ಬೆರಳು ಒತ್ತಿಕೊಳ್ಳುತ್ತಿದ್ದಳು. ಮದುವೆಯ ಗುಂಪಿನಲ್ಲಿ ನಿಲ್ಲಲು ಬಂದ ಕೂಲಿಯ ನಟಿ. ಸೀರೆ ಕೆಂಪು ಎಂದು ನೆನಪು. ಆದರೆ ಆ ದಿನದ ಉಳಿದ ಯಾವುದರ ಬಣ್ಣವೂ ನನಗೆ ನೆನಪಿಲ್ಲ, ಹಾಗಾಗಿ ಈ ಕೆಂಪನ್ನು ನಂಬುವುದು ಕಷ್ಟ. ಸೆರಗು ಎಡ ಹೆಗಲಿನ ಮೇಲಿತ್ತು. ಅದು ಮಾತ್ರ ಖಂಡಿತ.

ದೊಡ್ಡವ್ವ ಅವಳ ಮುಂದೆ ಗಂಟು ಬಿಚ್ಚಿದಳು. ನಾನು ಮೆಲ್ಲಗೆ, ಇವಳದೂ ಎಡ ಸೆರಗು ದೊಡ್ಡವ್ವ, ಎಂದೆ.

‘ಸೆರಗು ಎಲ್ಲಿದ್ರೇನು. ಉಡಿ ನಡುವಿಗೆ ಇರ್ತದ.’

ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ಇದರ ಮೇಲೆ ನನಗೇ ಅನುಮಾನ. ಇಷ್ಟು ಸರಿಯಾದ ಮಾತು ಇಷ್ಟು ಸರಿಯಾದ ಹೊತ್ತಿಗೆ ಬಂದಿತೆ? ಅವಳು ಬರೀ ‘ಸುಮ್ಮನಿರಲೇ’ ಎಂದಿರಬಹುದು. ಮುತ್ಯಾನ ಬಾಯಿಗೆ ಮಾತು ಹಾಕಿದವರ ಮನೆಯವನು ನಾನು. ಆದರೆ ಮುಂದಿನದನ್ನು ನಾನು ಕಟ್ಟಿದ್ದಲ್ಲ, ನನಗೆ ಕಟ್ಟಲು ಬರುವಂಥದ್ದೂ ಅಲ್ಲ. ಆ ಹೆಣ್ಣು ದೊಡ್ಡವ್ವನ ಕೈಯಲ್ಲಿದ್ದ ಅಕ್ಕಿ, ಅರಿಶಿನ ನೋಡಿ, ‘ಒಡಿ ಬಿಯ್ಯಮಾ?’ ಎಂದಳು. ತೆಲುಗಿನವಳು. ಅವಳ ಊರಿನಲ್ಲೂ ಇದು ಇದೆ, ಅದಕ್ಕೊಂದು ಹೆಸರಿದೆ. ಯಾರು, ಯಾಕೆ ಎಂದು ಕೇಳದೆ ಎದ್ದು ನಿಂತು ಸೆರಗು ಒಡ್ಡಿದಳು. ದೊಡ್ಡವ್ವ ತನ್ನ ಮಾತಿನಲ್ಲಿ ಏನೋ ಹೇಳುತ್ತ ತುಂಬಿದಳು, ಅವಳು ತನ್ನ ಮಾತಿನಲ್ಲಿ ಏನೋ ಹೇಳುತ್ತ ತುಂಬಿಸಿಕೊಂಡಳು. ಬಟ್ಟೆಯ ಉಸ್ತುವಾರಿಯವನು ಓಡಿಬಂದು ಕಂಪನಿಯ ಸೀರೆಗೆ ಅರಿಶಿನ ಹತ್ತುತ್ತದೆಂದು ಕೂಗಾಡಿದ. ಅಷ್ಟರಲ್ಲಿ ಆಚೆಯಿಂದ ಗುಂಪಿನವರನ್ನು ಕರೆದರು. ಬಿಚ್ಚಿಡಲು ಹೊತ್ತಿರಲಿಲ್ಲ. ಅವಳು ಉಡಿಯನ್ನು ನಡುವಿಗೆ ಬಿಗಿದುಕೊಂಡು ಹಾಗೆಯೇ ಸೆಟ್ಟಿನೊಳಕ್ಕೆ ಓಡಿದಳು.

ಬೊಂಬಿನ ಸಂದಿಯಿಂದ ನಾವು ನೋಡಿದೆವು. ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಈ ಸಲ ದೊಡ್ಡವ್ವನಿಗೆ ನಿಜವಾಗಿಯೂ ಬೆನ್ನೇ ಕಂಡಿತು. ಅವಳು ತೃಪ್ತಿಯಿಂದ, ‘ಈಗ ಬರೋಬರಿ ಆತು ನೋಡು,’ ಎಂದಳು.

ಖಾಲಿ ಗಂಟಿನ ಬಟ್ಟೆಯನ್ನು ಕೊಡವಿ ಮಡಿಚಿಕೊಂಡು ಅವಳು ಬಸ್ಸು ಹತ್ತಿದಳು. ಗುರುಬಾಯಿ ಅದನ್ನು ನೋಡಿದಳು. ಯಾರಿಗೆ ತುಂಬಿದಿರಿ ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡು, ಆ ಹುಡುಗಿಗೆ ಕೊಬ್ಬರಿ ಬಟ್ಟಲು ಒಂದೇ ಹಾಕಿದಿರೋ ಎರಡು ಹಾಕಿದಿರೋ ಎಂದು ವಿಚಾರಿಸಿದಳು. ಆಮೇಲೆ ಅವಳು ದಾರಿಯಲ್ಲಿ ಚೇಷ್ಟೆ ಮಾಡಲಿಲ್ಲ.

ಆ ವರ್ಷದ ಪಂಚಮಿಗೆ ಪಕ್ಕದ ಮನೆಯವರು ಎಂದಿನಂತೆ ಉಡಿ ತುಂಬಲು ಕರೆದಾಗ ದೊಡ್ಡವ್ವ ಹೋಗಿಬಂದಳು, ಬಂದು ಪಡಸಾಲೆಯಲ್ಲಿ ಕುಳಿತು ಉಂಡಿ ತಿಂದಳು. ನಿಮ್ಮ ಮಗಳು ಬರಲಿಲ್ಲವೇ ಎಂದು ಯಾರೋ ತಮಾಷೆಗೆ ಕೇಳಿದರು.

‘ಎಲ್ಲೀದು ತಗೀರಿ. ಆಕೀಗೆ ರಜಾ ಇಲ್ಲ. ನಿಂತೇ ಇರಬೇಕು, ದಿನಾ ಒಂದು ಮದುವಿ.’

ಆ ದಿನದ ಸಿನಿಮಾ ಯಾವುದು, ತೆರೆಗೆ ಬಂದಿತೋ ಇಲ್ಲವೋ, ನಮಗೆ ತಿಳಿಯಲಿಲ್ಲ.

ಕ್ಷೌರ ಮುಗಿದಿತ್ತು. ನನ್ನ ಕಣ್ಣು ಕನ್ನಡಿಯಲ್ಲೇ ಇರುವುದನ್ನು ನೋಡಿದ ಕ್ಷೌರದವನಿಗೆ ಕನಿಕರ ಬಂದಿರಬೇಕು. ಪಿಚ್ಚರ್ ಇನ್ನೂ ಅದ, ಕುರ್ಚಿ ಟಿವಿ ಕಡೆ ಹೊಳ್ಳಸ್ಲೇನ್ರಿ, ಎಂದ. ಬೇಡವೆಂದೆ. ಕನ್ನಡಿಯಲ್ಲಿ ಮದುವೆಯ ದೃಶ್ಯ ಬಂದಿತ್ತು. ಹಿಂದೆ ಹೆಂಗಸರ ಸಾಲು, ಎಲ್ಲರ ಸೆರಗೂ ಬಲಕ್ಕೆ. ಅದನ್ನು ನಾನು ನೋಡಲಿಲ್ಲ. ಒಬ್ಬೊಬ್ಬಳ ನಡುವನ್ನು ನೋಡುತ್ತ ಹೋದೆ, ಎಲ್ಲಾದರೂ ಒಂದು ಗಂಟು ಉಬ್ಬಿಕೊಂಡಿದೆಯೇ ಎಂದು. ಈ ಸಿನಿಮಾ ನಮ್ಮ ಯಾತ್ರೆಗಿಂತ ಎಷ್ಟೋ ಹಳೆಯದು, ಅವಳು ಇದರಲ್ಲಿ ಇರಲಾರಳು. ಗೊತ್ತಿದ್ದೂ ಸಾಲಿನ ಕೊನೆಯವರೆಗೆ ನೋಡಿದೆ.

‘ಯಾರನ್ನ ಹುಡುಕಾಕತ್ತೀರಿ ಸರ?’

‘ಒಬ್ಬಾಕಿ ಅದಾಳ,’ ಎಂದೆ. ‘ನಮ್ಮ ಕಡೀಕಿ.’