ಇದ್ದಿಲು ನೆಲದ ಹೂವಿನಕ್ಕ

ಅವಳನ್ನು ಮನುಷ್ಯಳೆಂದು ನಮ್ಮವರು ಪೂರ್ತಿ ಒಪ್ಪಿರಲಿಲ್ಲ. ಕೆರೆ ಏರಿಯ ಏಳು ಕಲ್ಲುಗಳಲ್ಲಿ ನೆಲೆಸಿದ ಅಕ್ಕದೇವತೆಗಳಲ್ಲಿ ಒಬ್ಬಳು ಎದ್ದು ಬಂದು ಹೂವು ಮಾರುತ್ತಿದ್ದಾಳೆ ಎಂಬುದು ಹೆಂಗಸರ ತೀರ್ಮಾನ. ಜೇನು ಅವಳನ್ನು ಕಚ್ಚುವುದಿಲ್ಲ, ಅವಳು ಕಟ್ಟಿದ ಮಾಲೆ ಮಾರನೆಯ ದಿನವೂ ಬಾಡುವುದಿಲ್ಲ, ಯಾವ ಊರೆಂದು ಕೇಳಿದರೆ ನಗುತ್ತಾಳೆ. ನಾನು ಹೊಸೂರು ಪೇಟೆಯಲ್ಲಿ ಹೂವಿನ ವ್ಯಾಪಾರಿ. ಬೀದಿ ಬೀದಿ ಕೂಗಿ ಮಾರಿ ಅಂಗಡಿ ಹಾಕಿದವನು. ಬಾಡದ ಹೂವು ತರುವವಳ ಕುಲಗೋತ್ರ ವಿಚಾರಿಸುವುದು ವ್ಯಾಪಾರವಲ್ಲ. ನೀವೂ ವಿಚಾರಿಸಬೇಡಿ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ರಾಯಕೋಟೆ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಆ ಇದ್ದಿಲಿಗಾಗಿ ಮರ ಸುಟ್ಟೂ ಸುಟ್ಟೂ ಸಾನಮಾವು ಕಾಡಿನ ಅಂಚಿನ ಗುಡ್ಡ ಹೆಂಚಿನಂತೆ ಗಟ್ಟಿಯಾಗಿತ್ತು. ಗುಡ್ಡದ ಒಡೆಯರಾದ ಗೌಡರಿಂದ ಅವಳು ಅಲ್ಲಿ ಎರಡು ತಾಕು ಕೇಳಿ ಪಡೆದಳು. ಗೌಡರ ಷರತ್ತು ಒಂದೇ: ಎರಡನೇ ವರ್ಷದ ಆಯುಧಪೂಜೆಗೆ ಹೊಲದ ತುಂಬ ಹೂವು ಕಾಣಬೇಕು, ಇಲ್ಲವಾದರೆ ನೆಲ ಮತ್ತೆ ಇದ್ದಿಲು ಸುಡುವವರಿಗೆ.

ಮೊದಲ ವರ್ಷ ಮೇಲಿನ ತಾಕಿನ ಚೆಂಡುಹೂವನ್ನೆಲ್ಲ ಅವಳು ಕೊಯ್ಯದೆ ಉತ್ತು ಮುಚ್ಚಿದಳು. ಮಾರಲು ಬೇಲಿಯ ಕಾಕಡ ಹೂವೇ ಸಾಕಂತೆ. ನಾನು ಕೂತು ಬುದ್ಧಿ ಹೇಳಿದೆ. ತಲೆಯಾಡಿಸಿದಳು. ಅಷ್ಟು ಬೇಗ ತಲೆಯಾಡಿಸುವವರನ್ನು ನಂಬಬಾರದು.

ಎರಡನೇ ವರ್ಷ ಕೆಳಗಿನ ತಾಕು ಕಣ್ಣು ಕುಕ್ಕುವಷ್ಟು ಹಳದಿಯಾಯಿತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ನಾನೇ ಹೆಮ್ಮೆಯಿಂದ ಗೌಡರನ್ನು ಗಾಡಿಯಲ್ಲಿ ಕರೆತಂದೆ. ಇಳಿದು ನೋಡಿದರೆ ಒಂದು ಹೂವಿಲ್ಲ. ಎರವಲು ಎತ್ತು ಹೂಡಿ, ಮೊಣಕಾಲವರೆಗೆ ಕೆಸರಾಗಿ ಅವಳು ಕೊನೆಯ ಸಾಲು ಉಳುತ್ತಿದ್ದಳು.

"ಏನಮ್ಮೋ, ಹೂವೆಲ್ಲಿ?" ಎಂದೆ.

"ಮಣ್ಣೊಳಗವೆ ಕಣಣ್ಣ. ಬೀಜ ಕಟ್ಟೋಕ್ ಮುಂಚೆ ನೆಲಕ್ಕೆ ಕೊಡ್ಬೇಕು."

"ನಾಕು ದಿನ ತಡ್ಕೊಳಾಕೆ ಆಗ್ತಿರ್ಲಿಲ್ವಾ?"

"ನಿನ್ನೆ ಮಳೆ ಬಿತ್ತು. ಹದ ಹಬ್ಬಕ್ಕೆ ಕಾಯ್ತದಾ? ಈ ಮಣ್ಣು ಎಷ್ಟು ವರ್ಸದಿಂದ ಉಪಾಸ ಅದೆ."

ಗೌಡರು ನನ್ನ ಕಡೆ ತಿರುಗಿದರು. "ದೇವತೆ ಅಂತೀರಲ್ಲಾ ಇವಳ್ನ. ಮಾತು ಉಳಿಸ್ಕೊಳಾದು ದೇವತೆಗೆ ಗೊತ್ತಿಲ್ವೇನ್ಲಾ? ನಾಳೆನೇ ಇದ್ದಿಲಿನೋರ್ಗೆ ಹೇಳ್ಕಳಿಸ್ತೀನಿ."

ಚೌಕಾಸಿಯಲ್ಲಿ ಎದುರಿನವನ ಮುಖ ನೋಡಬೇಡಿ, ಕಾಲು ನೋಡಿ. ಗೌಡರ ಬಾಯಿ ಬೈಯುತ್ತಿತ್ತು, ಕಾಲ ಹೆಬ್ಬೆರಳು ಮಾತ್ರ ಉತ್ತ ಮಣ್ಣನ್ನು ಕೆದಕುತ್ತಿತ್ತು. ಎಷ್ಟೆಂದರೂ ಒಕ್ಕಲುತನದವರು. ಅವರನ್ನು ಮೇಲಿನ ತಾಕಿಗೆ ಹತ್ತಿಸಿ, "ಊರುಗೋಲು ಊರಿ ನೋಡಿ ಗೌಡರೇ" ಎಂದೆ. ಅವಳು ಬರುವ ಮುಂಚೆ ಹಾರೆಗೂ ಬಗ್ಗದಿದ್ದ ನೆಲದಲ್ಲಿ ಕೋಲು ಮೊಳದುದ್ದ ಇಳಿಯಿತು. ಅವರು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೂಸಿದರು. ಬೆರಳ ಸಂದಿಯಿಂದ ಎರೆಹುಳವೊಂದು ಜಾರಿತು.

"ಇದು ಅದೇ ನೆಲವಾ?"

"ಅದೇ. ಹೋದ ವರ್ಸ ಹೂವು ಉಂಡಿದ್ದು" ಎಂದೆ.

ಮಣ್ಣು ಮೂಸಿದವನ ಹತ್ತಿರ ತಕ್ಷಣ ಮಾತಿಗಿಳಿಯಬೇಕು. ನೆಲ ಇನ್ನು ಮೂರು ವರ್ಷ ಅವಳಿಗೇ ಇರಲಿ ಎಂದರು ಗೌಡರು. ವಾರಕ್ಕೊಂದು ಮಾಲೆ ಅವರ ಮನೆದೇವರಿಗೆ ಎಂದು ಸೇರಿಸಿ ಐದಕ್ಕೆ ಎಳೆದೆ. ನನ್ನ ಜೀವಮಾನದ ಒಳ್ಳೆಯ ಚೌಕಾಸಿಗಳಲ್ಲಿ ಅದೊಂದು. ಅಷ್ಟರಲ್ಲಿ ಅವಳು ಕೈ ಒರೆಸಿಕೊಳ್ಳುತ್ತ ಬಂದಳು.

"ಐದು ಬ್ಯಾಡಿ ಗೌಡ್ರೇ, ಮೂರೇ ಸಾಕು. ಬದ್ಲಿಗೆ ಆ ಆಚೆ ದಿಬ್ಬ ಕೊಡಿ."

ಆಚೆ ದಿಬ್ಬದಲ್ಲಿ ಇದ್ದಿಲಿನ ಗೂಡುಗಳು ಇನ್ನೂ ಹೊಗೆಯಾಡುತ್ತಿದ್ದವು. ಗೌಡರು ಹೊಟ್ಟೆ ಹಿಡಿದು ನಕ್ಕು, ಒಪ್ಪಿಗೆಯ ವೀಳ್ಯದೆಲೆ ಅವಳ ಕೈಗಿಟ್ಟರು.

"ಗೆದ್ದಿದ್ನ ಯಾರಾದ್ರೂ ವಾಪಸ್ ಕೊಡ್ತಾರೇನಮ್ಮಾ?" ಎಂದು ಗದರಿದೆ. ಅವಳಾಗಲೇ ಮೇಲಿನ ತಾಕಿನ ಮಣ್ಣನ್ನು ಮಂಕರಿಗೆ ತುಂಬುತ್ತಿದ್ದಳು.

"ಆಮೇಲ್ ಬೈಯಣ್ಣ. ಇದ್ನ ಒಂದ್ ಕೈ ಹಿಡಿ, ಹುಳ ಬಿಸಿಲಿಗೆ ಸಾಯ್ತವೆ."

ಹಿಡಿದೆ. ದಿಬ್ಬ ದೂರವಿತ್ತು, ಮಂಕರಿ ಭಾರವಿತ್ತು, ದಾರಿಯುದ್ದಕ್ಕೂ ಅವಳಿಗೆ ಬುದ್ಧಿ ಹೇಳುತ್ತಲೇ ಹೋದೆ. ಅವಳು ತಲೆಯಾಡಿಸುತ್ತಿದ್ದಳು.